ಒಂದು ಕಲ್ಲು, ಎರಡು ನುಡಿ: ಮಂಗಳೂರಿನ ಬಾಸೆಲ್ ಮಿಶನ್ನಿನ ಅಚ್ಚು ಮಾಧ್ಯಮ ಮತ್ತು ಭಾಷೆಯ ಆಯ್ಕೆ

ಪ್ರತಿವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. 1843ರ ಅದೇ ದಿನ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಂದಿತ್ತು. ಅಂದಿನ ಭಾಷಣಗಳಲ್ಲಿ ಅದರ ಸಂಪಾದಕ ಹರ್ಮನ್ ಮೋಗ್ಲಿಂಗರನ್ನು ಕನ್ನಡ ಪತ್ರಿಕೋದ್ಯಮದ ಪಿತಾಮಹರೆಂದು ನೆನೆಯುವುದು ವಾಡಿಕೆ. ಈ ಸ್ಮರಣೆ ಸಲ್ಲತಕ್ಕದ್ದೇ. ಆದರೆ ಭಾಷಾವಿಜ್ಞಾನದ ಕಡೆಯಿಂದ ಈ ಚರಿತ್ರೆಯನ್ನು ನೋಡುವವರಿಗೆ ಮೊದಲು ಎದುರಾಗುವ ಪ್ರಶ್ನೆ ಬೇರೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿಗಳನ್ನು ಆಡುತ್ತಿದ್ದ ಪಟ್ಟಣವೊಂದಕ್ಕೆ ಪತ್ರಿಕೆ ಕನ್ನಡದಲ್ಲಿಯೇ ಏಕೆ ಬಂದಿತು? ಅದೇ ಮುದ್ರಣಾಲಯ ಅದಕ್ಕೆ ಹಿಂದಿನ ವರ್ಷವಷ್ಟೇ ಮತ್ತಾಯನ ಸುವಾರ್ತೆಯನ್ನು ತುಳುವಿನಲ್ಲಿ ಅಚ್ಚುಮಾಡಿತ್ತು ಎಂಬುದನ್ನು ನೆನೆದರೆ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ.

ಮಿಶನ್ನಿನವರು ಸಮಾಜದ ಮೇಲೆ ಪ್ರಭಾವ ಬೀರುವ ಉದ್ದೇಶದಿಂದಲೇ ಅಚ್ಚನ್ನು ಕೈಗೆತ್ತಿಕೊಂಡರು. ಅದನ್ನು ಅವರು ಮುಚ್ಚಿಡಲೂ ಇಲ್ಲ. ಆ ಪ್ರಭಾವಕ್ಕೆ ಯಾವ ನುಡಿ, ಯಾವ ಲಿಪಿ, ಯಾವ ಛಂದಸ್ಸು ಎಂಬ ಆಯ್ಕೆಗಳು ಎದುರಾದಾಗ ಏನಾಯಿತು ಎಂಬುದೇ ಈ ಲೇಖನದ ವಿಷಯ. ತುಳುವನ್ನು ಆತ್ಮದ ಕಾರ್ಯಕ್ಕೂ ಕನ್ನಡವನ್ನು ಊರಿನ ಕಾರ್ಯಕ್ಕೂ ಹಂಚಿದ ಅವರ ತೀರ್ಮಾನವು ಮತಾಂತರದ ಲೆಕ್ಕಾಚಾರಕ್ಕಿಂತ ಹೆಚ್ಚು ಕಾಲ ಬಾಳಿತು ಎಂದು ನಾವು ಭಾವಿಸುತ್ತೇವೆ. ಪ್ರಭಾವ ಬೀರಲು ಬಂದವರು ಹೆಜ್ಜೆಹೆಜ್ಜೆಗೂ ಕನ್ನಡದ ಶಿಷ್ಯತ್ವವನ್ನು ಒಪ್ಪಬೇಕಾಯಿತು ಎಂಬುದೂ ಇದರೊಡನೆ ಸೇರಿಕೊಂಡಿರುವ ಸಂಗತಿ. ಆ ಶಿಷ್ಯತ್ವದಲ್ಲಿ ಗುರುಗಳಾಗಿದ್ದವರು ಯಾರೆಂಬ ಪ್ರಶ್ನೆಯನ್ನು ಲೇಖನದ ಕೊನೆಗೆ ಎತ್ತಿಕೊಳ್ಳುತ್ತೇವೆ.

ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾಯಿತು. ಅದರ ಬೆನ್ನೆಲುಬು ನೆರೆಯ ಜರ್ಮನ್ ಪ್ರಾಂತವಾದ ವ್ಯೂರ್ಟೆಂಬರ್ಗಿನ ಭಕ್ತಿಪಂಥೀಯ ಪ್ರೊಟೆಸ್ಟೆಂಟರು. ಚರ್ಚಿನ ವೇದಿಕೆಯಷ್ಟೇ ಮನೆಯ ಮೇಜಿನ ಸುತ್ತಲಿನ ಓದಿಗೂ ಬೆಲೆಕೊಟ್ಟ ಪಂಥವದು. ಸಾಮಾನ್ಯ ರೈತ, ನೇಕಾರ, ಚಮ್ಮಾರ ತನ್ನ ನುಡಿಯಲ್ಲಿ ಬೈಬಲನ್ನು ತಾನೇ ಓದಿ ನೆರೆಯವರಿಗೆ ವಿವರಿಸಬಹುದೆಂಬ ನಂಬಿಕೆಯಲ್ಲಿ ಅವರ ಮುಂದಾಳತ್ವದ ಕಲ್ಪನೆಯೂ ಅಡಗಿತ್ತು. ಮುಂದಾಳಾಗುವವನಿಗೆ ಮೊದಲು ಬೇಕಾದದ್ದು ಓದು. ಅದರ ಹಿಂದೆ ಲೂಥರನ ಮಾತಿದೆ. ಅನುವಾದಕನು ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯ ಮನುಷ್ಯ ಹೇಗೆ ಮಾತಾಡುತ್ತಾರೆಂದು ನೋಡಬೇಕೆಂದು ಆತ 1530ರ ತನ್ನ ಬಹಿರಂಗ ಪತ್ರದಲ್ಲಿ ವಾದಿಸಿದ್ದ.

ಜರ್ಮನಿಯಲ್ಲಿ ಮನೆ, ಬೀದಿ, ಸಂತೆ ಮೂರೂ ಹೆಚ್ಚುಕಡಿಮೆ ಒಂದೇ ನುಡಿಯ ಬಗೆಗಳು. ಮಂಗಳೂರಿನಲ್ಲಿ ಹಾಗಿರಲಿಲ್ಲ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಇಲ್ಲಿಗೆ ಬಂದಾಗ ಬಿಲ್ಲವರ, ಬಂಟರ, ಮೊಗವೀರರ ಮನೆಮಾತು ತುಳು. ಸಾರಸ್ವತರ ಮತ್ತು ಕ್ಯಾಥೊಲಿಕರ ಮನೆಮಾತು ಕೊಂಕಣಿ. ಬಂದರಿನ ಮುಸ್ಲಿಮರದು ಬ್ಯಾರಿ. ಕಚೇರಿಯ ಅರ್ಜಿಗೆ, ಮಠದ ಶಾಲೆಗೆ, ಯಕ್ಷಗಾನದ ಪ್ರಸಂಗಕ್ಕೆ ಕನ್ನಡ. ತುಳು ಮಾತಾಡುವವರೇ ರಾತ್ರಿಯಿಡೀ ಕೂತು ಕನ್ನಡದ ಪದ್ಯ ಕೇಳಿ, ಕನ್ನಡದ ಅರ್ಥಗಾರಿಕೆಗೆ ತಲೆದೂಗುವ ನಾಡಿದು. ಇಂಥ ಊರಿನಲ್ಲಿ ‘ಜನರ ಭಾಷೆ’ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿರಲು ಸಾಧ್ಯವಿಲ್ಲ. ಲೂಥರನ ಸೂತ್ರವನ್ನು ನಿಷ್ಠೆಯಿಂದ ಪಾಲಿಸಿದ್ದರೆ ಮಿಶನ್ ಕನ್ನಡಕ್ಕೆ ಬರುತ್ತಲೇ ಇರಲಿಲ್ಲ ಎಂದರೂ ನಡೆದೀತು.

ಮಿಶನ್ ಎರಡು ದಾರಿ ಹಿಡಿಯಿತು. 1841ರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರಗಳನ್ನು ತಂದರು. ಆ ಕಲ್ಲಿನ ಮೇಲೆ ಮೂಡಿದ ಮೊದಲ ಕೃತಿಗಳಲ್ಲಿ ಗ್ರೈನರ್ ತುಳುವಿಗೆ ತಂದ ಮತ್ತಾಯನ ಸುವಾರ್ತೆಯೂ ಒಂದು. 1847ರ ವೇಳೆಗೆ ಇಡೀ ಹೊಸ ಒಡಂಬಡಿಕೆ ತುಳುವಿನಲ್ಲಿತ್ತು. ಬಿಲ್ಲವರ ನಡುವೆ ಸುವಾರ್ತೆ ಸಾರಲು ಹೊರಟವರಿಗೆ ತುಳುವಲ್ಲದೆ ಬೇರೆ ದಾರಿಯಿರಲಿಲ್ಲ. ಅದೇ ಕಲ್ಲಿನ ಮೇಲೆ 1843ರಲ್ಲಿ ಪತ್ರಿಕೆ ಕನ್ನಡದಲ್ಲಿ ಮೂಡಿತು. ತುಳುವಿನಲ್ಲಿ ಓದು ಕಲಿತ ಓದುಗವರ್ಗವೆಂಬುದೇ ಆಗ ಇರಲಿಲ್ಲ. ಅರ್ಜಿ ಬರೆಯುವ, ಲೆಕ್ಕ ಇಡುವ, ಪುರಾಣ ಓದುವ ಜನ ಯಾವ ಜಾತಿಯವರಾದರೂ ಕನ್ನಡದಲ್ಲೇ ಓದುತ್ತಿದ್ದರು. ಆತ್ಮವನ್ನು ತಟ್ಟಲು ಮನೆಮಾತು, ಊರನ್ನು ತಟ್ಟಲು ಬರಹದ ಮಾತು. ಇದು ಮೊದಲೇ ಯೋಜಿಸಿದ ನೀತಿಯಾಗಿತ್ತು ಎನ್ನುವುದಕ್ಕಿಂತ, ಎರಡು ಬೇರೆ ಬೇರೆ ಕೆಲಸಗಳು ತಮಗೆ ಬೇಕಾದ ನುಡಿಯನ್ನು ತಾವೇ ಆರಿಸಿಕೊಂಡವು ಎನ್ನುವುದು ನಮಗೆ ಹೆಚ್ಚು ಸರಿಯೆನಿಸುತ್ತದೆ.

ಎರಡು ನುಡಿಗಳಿಗೂ ಲಿಪಿ ಮಾತ್ರ ಒಂದೇ. ತುಳುನಾಡಿನ ಬ್ರಾಹ್ಮಣರು ಸಂಸ್ಕೃತ ಗ್ರಂಥಗಳಿಗೆ, ವಿರಳವಾಗಿ ತುಳು ಕಾವ್ಯಗಳಿಗೆ ಬಳಸುತ್ತಿದ್ದ ತಿಗಳಾರಿ ಲಿಪಿಯನ್ನು ಮಿಶನ್ ಅಚ್ಚಿಗೆ ತರಲಿಲ್ಲ. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ: ಶಾಲೆಯಲ್ಲಿ ಕಲಿಸುತ್ತಿದ್ದುದು ಕನ್ನಡ ಲಿಪಿ, ಮಿಶನ್ ತಲುಪಬಯಸಿದ ಜಾತಿಗಳಿಗೆ ತಿಗಳಾರಿಯೊಡನೆ ನಂಟೇ ಇರಲಿಲ್ಲ. ಆದರೆ ಪರಿಣಾಮ ಕಾರಣಕ್ಕಿಂತ ದೊಡ್ಡದಾಯಿತು. ಬ್ರಿಗೆಲರ ತುಳು ವ್ಯಾಕರಣ (1872), ಮ್ಯಾನರರ ತುಳು-ಇಂಗ್ಲಿಷ್ ನಿಘಂಟು (1886), ಅದೇ ಮ್ಯಾನರ್ ಪ್ರಕಟಿಸಿದ ಪಾಡ್ದನಗಳ ಸಂಗ್ರಹ, ಇವೆಲ್ಲವೂ ಕನ್ನಡ ಲಿಪಿಯ ತುಳುವನ್ನು ಗಟ್ಟಿಗೊಳಿಸುತ್ತ ಹೋದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವೆಂಕಟರಾಜ ಪುಣಿಂಚತ್ತಾಯರು ‘ಶ್ರೀಭಾಗವತೊ’ದಂಥ ಹಳೆಯ ತುಳು ಕಾವ್ಯಗಳನ್ನು ತಾಳೆಗರಿಗಳಿಂದ ಬೆಳಕಿಗೆ ತಂದಾಗ ತುಳುವರಲ್ಲಿ ಹೆಚ್ಚಿನವರಿಗೆ ಅವು ಓದಲಾಗದ ಅಕ್ಷರಗಳಾಗಿದ್ದವು. ಈಗ ಕರಾವಳಿಯ ಊರುಗಳಲ್ಲಿ ತುಳು ಲಿಪಿಯ ನಾಮಫಲಕಗಳು ಏಳುತ್ತಿರುವಾಗ, ಆ ಚಳವಳಿ ಕೇಳುತ್ತಿರುವ ಪ್ರಶ್ನೆಯ ಒಂದು ಬೇರು 1840ರ ದಶಕದ ಆ ಕಲ್ಲಿನಲ್ಲಿದೆ. ಮಿಶನ್ ತುಳುವಿನ ಲಿಪಿಯನ್ನು ಕಸಿದುಕೊಂಡಿತು ಎಂಬ ಆರೋಪವನ್ನು ನಾವು ಒಪ್ಪುವುದಿಲ್ಲ. ಬಹುಪಾಲು ತುಳುವರ ಕೈಯಲ್ಲಿ ಇಲ್ಲದಿದ್ದುದನ್ನು ಕಸಿದುಕೊಳ್ಳಲು ಬರುವುದಿಲ್ಲ. ಆದರೆ ಅಚ್ಚು ಒಮ್ಮೆ ಒಂದು ದಾರಿ ಹಿಡಿದರೆ ಇನ್ನೊಂದು ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ ಎಂಬುದೂ ಅಷ್ಟೇ ನಿಜ.

ಕಲ್ಲಚ್ಚಿನ ಬಗ್ಗೆ ಇನ್ನೊಂದು ಮಾತು. ಮೊಳೆಯಚ್ಚಿನಲ್ಲಿ ಅಕ್ಷರಗಳು ಮೊದಲೇ ಎರಕಗೊಂಡಿರುತ್ತವೆ. ಕಲ್ಲಚ್ಚಿನಲ್ಲಿ ಪುಟವನ್ನು ಲಿಪಿಕಾರನೊಬ್ಬ ಜಿಡ್ಡಿನ ಮಸಿಯಲ್ಲಿ ಕೈಯಿಂದಲೇ ಬರೆಯಬೇಕು. ಆದ್ದರಿಂದ ಕಲ್ಲಚ್ಚಿನ ಪುಟವೆಂದರೆ ಒಬ್ಬನ ಕೈಬರಹದ ನೂರಾರು ಪ್ರತಿಗಳೇ. ಹತ್ತೊಂಬತ್ತನೆಯ ಶತಮಾನದ ಬರವಣಿಗೆಯಲ್ಲಿ ‘ಊರು’ ‘ವೂರು’ ಆಗುವುದು, ‘ಎಲ್ಲಾ’ ‘ಯೆಲ್ಲಾ’ ಆಗುವುದು, ‘ಒಂದು’ ‘ವೊಂದು’ ಆಗುವುದು ಸಾಮಾನ್ಯ. ಪದಾದಿಯ ಸ್ವರದ ಮುಂದೆ ಉಚ್ಚಾರಣೆಯಲ್ಲಿ ಬರುವ ಯಕಾರ ವಕಾರಗಳನ್ನು ಕಿವಿ ಕೇಳಿದಂತೆ ಕೈ ಬರೆಯುತ್ತಿತ್ತು. ಇಂದಿನ ಓದುಗರು ಇದನ್ನು ತಪ್ಪೆಂದು ಕಾಣುತ್ತಾರೆ. ಧ್ವನಿವಿಜ್ಞಾನಿಗೆ ಅದು ದಾಖಲೆ. ಜಾರ್ಜ್ ಪ್ಲೆಬ್ಸ್ಟ್ 1851ರಲ್ಲಿ ಹೊಸ ಕನ್ನಡ ಮೊಳೆಗಳೊಡನೆ ಮಂಗಳೂರಿಗೆ ಬಂದ ಮೇಲೆ ಅಕ್ಷರದ ರೂಪ ನೆಲೆಗೊಂಡಿತು, ಕಾಗುಣಿತ ನಿಧಾನವಾಗಿ ಅದನ್ನು ಹಿಂಬಾಲಿಸಿತು. ಇದೇ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರು ಹೆಂಚಿನ ಕಾರ್ಖಾನೆಯನ್ನೂ ತೆರೆದವರು. ಒಂದೇ ಅಚ್ಚಿನಲ್ಲಿ ಸಾವಿರ ಪಡಿಗಳನ್ನು ತೆಗೆಯುವ ಕಲೆ ಅವರಿಗೆ ಒಲಿದಿತ್ತು!

ಪತ್ರಿಕೆಯ ಹೆಸರಿಗೆ ಬರೋಣ. ಕನ್ನಡದಲ್ಲಿ ಸುದ್ದಿಗೆ ಪದಗಳ ಬರವಿಲ್ಲ. ‘ಸುದ್ದಿ’ ಸಂಸ್ಕೃತದ ‘ಶುದ್ಧಿ’ಯ ತದ್ಭವ, ‘ವರ್ತಮಾನ’ ಈಗ ನಡೆಯುತ್ತಿರುವುದು, ‘ವಾರ್ತೆ’ ನಡೆದದ್ದರ ವರದಿ, ‘ಸಮಾಚಾರ’ ಸಂಸ್ಕೃತದಲ್ಲಿ ನಡತೆ, ಆಚರಣೆ ಎಂಬ ಅರ್ಥದಲ್ಲಿದ್ದು ನಮ್ಮ ದೇಶಭಾಷೆಗಳಲ್ಲಿ ಕ್ಷೇಮ ಸಮಾಚಾರವಾಗಿ, ಊರ ಸಮಾಚಾರವಾಗಿ ಹೊರಳಿದ ಪದ. ಇವುಗಳಲ್ಲಿ ‘ವಾರ್ತೆ’ ಮಿಶನರಿಗಳ ಕೈಯಲ್ಲಿ ಆಗಲೇ ಬೇರೊಂದು ಕೆಲಸದಲ್ಲಿತ್ತು. ‘ಒಳ್ಳೆಯ ಸಂದೇಶ’ ಎಂಬರ್ಥದ ಗ್ರೀಕ್ ಪದದ ಒಂದೊಂದು ಘಟಕಕ್ಕೂ ಸಮನಾದ ಘಟಕವನ್ನಿಟ್ಟು ಕಟ್ಟಿದ ಪಡಿಪದವೇ ‘ಸುವಾರ್ತೆ’. ಕ್ರೈಸ್ತ ಕನ್ನಡದಲ್ಲಿ ಹೀಗೆ ಧರ್ಮದ ಮೂಲ ಸಂದೇಶವೂ ದಿನದ ಸುದ್ದಿಯೂ ಒಂದೇ ಅರ್ಥಕ್ಷೇತ್ರದ ಪದಗಳಾದವು. ಮಿಶನ್ ಸುದ್ದಿಮಾಧ್ಯಮದ ಬಳಿಗೆ ಹೋದದ್ದು ಆಕಸ್ಮಿಕವಲ್ಲ ಎನ್ನುವುದಕ್ಕೆ ಪದಕೋಶವೇ ಸಾಕ್ಷಿ ನುಡಿಯುತ್ತದೆ. ಆದರೂ ಮೋಗ್ಲಿಂಗ್ ಪತ್ರಿಕೆಗೆ ವಾರ್ತೆಯ ಹೆಸರನ್ನು ಕೊಡಲಿಲ್ಲ, ಪಟ್ಟಣದ ಹೆಸರನ್ನು ಕೊಟ್ಟರು. ಅವರ ಸಹೋದ್ಯೋಗಿ ಹರ್ಮನ್ ಗುಂಡರ್ಟ್ 1847ರಲ್ಲಿ ತಲಶೇರಿಯ ಬಳಿ ಮಲಯಾಳದಲ್ಲಿ ಹೊರತಂದ ‘ರಾಜ್ಯಸಮಾಚಾರಂ’ ಹೆಚ್ಚಾಗಿ ಧಾರ್ಮಿಕ ಪತ್ರಿಕೆ. ಅಲ್ಲಿನ ‘ರಾಜ್ಯ’ ದೇವರ ರಾಜ್ಯ. ಮಂಗಳೂರಿನದು ನಿಜಕ್ಕೂ ಮಂಗಳೂರಿನ ಸಮಾಚಾರವಾಗಲು ಹೊರಟಿತ್ತು.

ತಿಂಗಳಿಗೆ ಎರಡು ಬಾರಿ, ನಾಲ್ಕು ಪುಟ, ಒಂದು ದುಡ್ಡಿನ ಬೆಲೆ. ಊರ ವರ್ತಮಾನ, ಹೊರನಾಡುಗಳ ಸುದ್ದಿ, ಕುಂಪಣಿ ಸರಕಾರದ ನಿರೂಪಗಳು, ಕಥೆ, ಬುದ್ಧಿಮಾತು, ಹಾಡು. ಬಾಯಿಂದ ಬಾಯಿಗೆ ಹಬ್ಬುವ ಗಾಳಿಮಾತಿನಿಂದ ಸುದ್ದಿಯನ್ನು ಬೇರ್ಪಡಿಸುವುದು ಪತ್ರಿಕೆಯ ಸಂಕಲ್ಪ. ಮತಬೋಧೆ ಮುನ್ನೆಲೆಯಲ್ಲಿ ಇಲ್ಲದ ಈ ವಿನ್ಯಾಸವನ್ನು ಕಂಡು ನಮ್ಮಲ್ಲಿ ಕೆಲವರು ಮೋಗ್ಲಿಂಗರನ್ನು ಜಾತ್ಯತೀತ ಪತ್ರಕರ್ತರೆಂದು ಬಣ್ಣಿಸುವುದುಂಟು. ಅದು ನಮಗೆ ಒಪ್ಪಿಗೆಯಾಗದ ಮಾತು. ಸುದ್ದಿಯನ್ನು ಪರೀಕ್ಷಿಸಿ ನಂಬುವ ಓದುಗನು ತನ್ನ ಆಚಾರವನ್ನೂ ಒಂದು ದಿನ ಪರೀಕ್ಷಿಸಿಯಾನು ಎಂಬ ಭಕ್ತಿಪಂಥೀಯ ಲೆಕ್ಕ ಅದರ ಹಿಂದೆ ಇದ್ದಿರಲೇಬೇಕು. ಇದೇ ಮೋಗ್ಲಿಂಗ್ ‘ಜಾತಿ ವಿಚಾರಣೆ’ ಎಂಬ ಕಿರುಹೊತ್ತಗೆಯನ್ನೂ ಬರೆದರು. ‘ವಿಚಾರಣೆ’ ಎಂದರೆ ಚಿಂತನೆ, ಪರಿಶೀಲನೆ. ಕಚೇರಿಯ ಕನ್ನಡದಲ್ಲಿ ಆರೋಪಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದೂ ವಿಚಾರಣೆಯೇ. ನ್ಯಾಯಾಲಯವಿದ್ದ ಊರಿನ ಓದುಗನ ಕಿವಿಗೆ ಎರಡೂ ಅರ್ಥ ಬೀಳದೆ ಇರಲಾರದು. ಪತ್ರಿಕೆಯ ಸೌಮ್ಯ ಗದ್ಯವೂ ಕಿರುಹೊತ್ತಗೆಯ ಖಾರದ ಗದ್ಯವೂ ಒಂದೇ ಲೇಖನಿಯಿಂದ ಬಂದವು ಎಂಬುದನ್ನು ಮರೆತರೆ ಎರಡನ್ನೂ ತಪ್ಪಾಗಿ ಓದುತ್ತೇವೆ.

1844ರ ಜನವರಿಯಲ್ಲಿ ಮಿಶನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದರು. ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. ಅದೇ ವರ್ಷದ ಆರಂಭದ ತಿಂಗಳುಗಳಲ್ಲಿ ‘ಮಂಗಳೂರ ಸಮಾಚಾರ’ ನಿಂತು, ಮಾರ್ಚಿನಿಂದ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಯಿಂದ ಹೊರಡತೊಡಗಿತು. ಲಂಡನ್ ಮಿಶನ್ನಿನ ಬಳ್ಳಾರಿ ಮುದ್ರಣಾಲಯದಲ್ಲಿ ಮೊಳೆಯಚ್ಚಿತ್ತು, ಓದುಗರ ವಲಯವೂ ಅಲ್ಲಿ ವಿಸ್ತಾರವಾಗಬಹುದಿತ್ತು. ಸ್ಥಳಾಂತರಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಇದು, ಮತ್ತು ಇದು ಸಾಲದು ಎನ್ನಲು ನಮ್ಮ ಬಳಿ ಆಧಾರವಿಲ್ಲ. ಆದರೆ ಕಾಲದ ಸಾಮೀಪ್ಯವನ್ನಾದರೂ ಗಮನಿಸಬೇಕು. ಊರಿಗೆಲ್ಲ ಸೇರಿದ್ದು ಎಂಬ ಭರವಸೆಯ ಮೇಲೆ ನಡೆಯುತ್ತಿದ್ದ ಪತ್ರಿಕೆಯ ಸಂಪಾದಕನ ಮನೆಯೇ ಊರನ್ನು ಒಡೆದ ಘಟನೆಯ ಕೇಂದ್ರವಾದಾಗ, ಆ ಭರವಸೆ ಉಳಿಯುವುದು ಹೇಗೆ? ಹೆಸರಿನ ಬದಲಾವಣೆಯೂ ಗಮನಾರ್ಹ. ಊರಿನ ಹೆಸರು ಹೋಗಿ ಭಾಷೆಯ ಹೆಸರು ಬಂದಿತು. ಕರಾವಳಿ ಮತ್ತು ಬಯಲುಸೀಮೆಗಳೆರಡನ್ನೂ ಒಂದೇ ಓದುಗವರ್ಗವೆಂದು ಕಲ್ಪಿಸಿಕೊಂಡ ಆ ಶೀರ್ಷಿಕೆ, ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದುಹಂಚಿದ್ದ ಕಾಲದ್ದು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲವಾದರೂ ಆ ಶೀರ್ಷಿಕೆಯಲ್ಲಿದ್ದ ಕಲ್ಪನೆ ಸಣ್ಣದಲ್ಲ.

ಇಲ್ಲಿ ಮುಂದಾಳತ್ವದ ಪದಕೋಶವನ್ನು ಸ್ವಲ್ಪ ನೋಡಬೇಕು. ಕ್ರೈಸ್ತ ಗ್ರಂಥದಲ್ಲಿ ನಾಯಕನಿಗೆ ಇರುವ ಮುಖ್ಯ ರೂಪಕ ಕುರಿ ಕಾಯುವವನು. ಕನ್ನಡ ಬೈಬಲ್ ಅದಕ್ಕೆ ‘ಕುರುಬ’ ಎಂಬ ಪದವನ್ನೇ ಬಳಸಿತು. ‘ಕುರುಬ’ ಕನ್ನಡದಲ್ಲಿ ವೃತ್ತಿಯ ಹೆಸರು ಮಾತ್ರವಲ್ಲ, ಸಮುದಾಯದ ಹೆಸರು. ಹಾಲುಮತದ ಕಾವ್ಯಗಳೂ ಬೀರಪ್ಪ ಮೈಲಾರರ ಕಥನಗಳೂ ಅದರ ಹಿಂದಿವೆ. ಮಿಶನ್ 1837ರ ಹೊತ್ತಿಗೇ ಕಾಲಿಟ್ಟ ಧಾರವಾಡದ ಸೀಮೆಯಲ್ಲಿ ಈ ರೂಪಕ ಕಣ್ಣೆದುರಿನದು. ಮಂಗಳೂರಿನಲ್ಲಿ? ಮಳೆ ಸುರಿಯುವ ಆ ಕರಾವಳಿಯಲ್ಲಿ ಕುರಿಯ ಮಂದೆಯೂ ಇಲ್ಲ, ಕಂಬಳಿ ಹೊದ್ದ ಕಾವಲುಗಾರನೂ ಇಲ್ಲ. ರೂಪಕದ ವಾಹಕ ಅಪರಿಚಿತ, ಆದರೆ ಅದರ ತಿರುಳು ಪರಿಚಿತವೇ. ಕನ್ನಡದ ‘ಕಾಯು’ ಧಾತು ದನ ಕಾಯುವುದಕ್ಕೂ ದೇವರು ಕಾಯುವುದಕ್ಕೂ ಒಂದೇ. ಸಂಸ್ಕೃತದಲ್ಲಿಯೂ ‘ಗೋಪಾ’ ದನಗಾಹಿಯಿಂದ ರಕ್ಷಕನಾಗಿ, ಅದರಿಂದ ‘ಗೋಪಾಯತಿ’ ಎಂಬ ಕ್ರಿಯಾಪದ ಹುಟ್ಟಿ, ಕೊನೆಗೆ ‘ಗುಪ್’ ಎಂಬ ಧಾತುವೇ ಸಿದ್ಧವಾಯಿತು. ‘ಗುಪ್ತ’ನೆಂದರೆ ಮೂಲದಲ್ಲಿ ಕಾಪಾಡಲ್ಪಟ್ಟವನು. ಹೀಗೆ ಮಂದೆಯ ರೂಪಕ ಈ ನೆಲದಲ್ಲಿ ಮೊದಲೇ ಇತ್ತು, ಕುರಿಯ ಬದಲು ಆಕಳಿನದಾಗಿ.

ಸಭೆಯ ಮುಖಂಡನ ಹುದ್ದೆಗೆ ಮಾತ್ರ ‘ಕುರುಬ’ ನಿಲ್ಲಲಿಲ್ಲ. ಅಲ್ಲಿ ‘ಸಭಾಪಾಲಕ’ ಬಂದ. ಗ್ರಂಥದಲ್ಲಿ ದೇಸಿ ಪದ, ಹುದ್ದೆಗೆ ಸಂಸ್ಕೃತ ಪದ. ಜಾತಿಸೂಚಕ ಪದವೊಂದು ಹುದ್ದೆಯ ಹೆಸರಾದರೆ ಮೇಲುಜಾತಿಯ ಓದುಗರ ಕಿವಿಗೆ ಹೇಗೆ ಕೇಳಿಸೀತೆಂಬ ಅಳುಕು ಇಲ್ಲಿ ಕೆಲಸ ಮಾಡಿತೇ ಎಂಬ ಸಂಶಯ ನಮಗಿದೆ. ಜಾತಿಯನ್ನು ವಿಚಾರಣೆಗೆ ನಿಲ್ಲಿಸಿದವರ ಪದಕೋಶದಲ್ಲಿಯೇ ಆ ಅಳುಕು ಉಳಿದಿದ್ದರೆ ಅದು ಆಶ್ಚರ್ಯಕರವೇನೂ ಅಲ್ಲ. ಆಡುಮಾತು ಈ ಎರಡನ್ನೂ ಬದಿಗಿಟ್ಟು ‘ಅಯ್ಯನವರು’ ಎಂದಿತು. ಲಿಂಗಾಯತ ಜಂಗಮರಿಗೆ ಸಲ್ಲುತ್ತಿದ್ದ ಸಂಬೋಧನೆ ಕ್ರೈಸ್ತ ಸಭೆಯ ಗುರುವಿಗೂ ಸಂದಿತು. ಯಾವ ಸಮಿತಿಯೂ ಕೂತು ತೀರ್ಮಾನಿಸದ ಅನುವಾದವಿದು.

ಕೌಂಡಿನ್ಯರ ಬದುಕು ಇದೇ ಪ್ರಶ್ನೆಯ ಇನ್ನೊಂದು ಮುಖ. 1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ, ಅಲ್ಲಿ ದೇವತಾಶಾಸ್ತ್ರ ಓದಿ, ದೀಕ್ಷೆ ಪಡೆದು 1851ರಲ್ಲಿ ಮರಳಿದರು. ಯುರೋಪಿಯನ್ ಮಿಶನರಿಗಳಿಗೆ ಸಮಾನವಾದ ಸ್ಥಾನ ಅವರಿಗಿತ್ತು. ಆ ಕಾಲದಲ್ಲಿ ಇದು ಅಪೂರ್ವ. ಮನೆಮಾತು ಕೊಂಕಣಿ, ಶಾಲೆ ಇಂಗ್ಲಿಷ್, ಉನ್ನತ ವಿದ್ಯೆ ಜರ್ಮನ್, ಬೋಧನೆ ಕನ್ನಡ. ಮಿಶನ್ ಬಯಸಿದ ಮುಂದಾಳಿನ ಮಾದರಿಯಂತಿದ್ದ ಈ ವ್ಯಕ್ತಿಯ ಹೆಸರು ಪತ್ರಿಕಾ ದಿನದ ಭಾಷಣಗಳಲ್ಲಿ ಬರುವುದಿಲ್ಲ. ಬರಬೇಕೆಂದು ನಮ್ಮ ವಾದವಲ್ಲ. ಆದರೆ ಮಿಶನ್ನಿನ ಕನ್ನಡವೆಂಬುದು ಜರ್ಮನರು ಒಂಟಿಯಾಗಿ ಕಲಿತು ಬರೆದ ಕನ್ನಡವೆಂಬ ಚಿತ್ರ ಅವರೊಬ್ಬರನ್ನು ನೆನೆದರೂ ಕದಡಿಹೋಗುತ್ತದೆ.

ಮೋಗ್ಲಿಂಗ್ ಮುಂದೆ ಮಾಡಿದ ಕೆಲಸ ಪತ್ರಿಕೆಗಿಂತ ದೊಡ್ಡದು. 1848ರಿಂದ 1853ರವರೆಗೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ವೈಗ್ಲೆ ಅವರ ಜೊತೆಗಾರರು. ಹಣ ಕೊಟ್ಟವರು ಮದರಾಸಿನ ಸಿವಿಲ್ ಸೇವೆಯಲ್ಲಿದ್ದು ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಾಸಮೇಜರ್. ಇನ್ನೊಂದು ಧರ್ಮದ ಭಕ್ತಿಗೀತೆಗಳನ್ನು ಮತಪ್ರಚಾರಕರು ಏಕೆ ಅಚ್ಚುಮಾಡಬೇಕು? ಎದುರಾಳಿಯ ಮನಸ್ಸನ್ನು ಅರಿಯಲು ಎಂಬ ಉತ್ತರ ಹಳೆಯದು, ಮತ್ತು ಒಂದು ಮಟ್ಟಿಗೆ ಸರಿಯೂ ಹೌದು. ಆದರೆ ಅರಿಯಲೆಂದು ತೆಗೆದ ಪುಸ್ತಕ ಅರಿವಿನಲ್ಲಿಯೇ ನಿಲ್ಲುವುದಿಲ್ಲ. ಮೋಗ್ಲಿಂಗ್ ದಾಸರ ಪದಗಳಲ್ಲಿ ಕೆಲವನ್ನು ಜರ್ಮನಿಗೆ ಅನುವಾದಿಸಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಪ್ರಭಾವ ಬೀರಲು ಪೂರ್ವಕ್ಕೆ ಹೊರಟ ಮಾಧ್ಯಮ ಪಶ್ಚಿಮದ ದಿಕ್ಕಿನಲ್ಲಿಯೂ ಹರಿಯಿತು. ಹಾಡುಗಾರನ ಬಾಯಲ್ಲಿ ಪಾಠಾಂತರಗೊಳ್ಳುತ್ತ ಬಂದಿದ್ದ ಪದಗಳಿಗೆ ಅಚ್ಚು ಒಂದು ನಿಶ್ಚಿತ ಪಾಠವನ್ನು ಕೊಟ್ಟಿತು. ಇದು ಲಾಭವೂ ಹೌದು, ನಷ್ಟವೂ ಹೌದು.

ಈ ಸಂಪಾದನೆಗಳಿಂದ ಮಿಶನ್ ಕಲಿತ ಪಾಠಗಳಲ್ಲಿ ನಮಗೆ ಅತ್ಯಂತ ಸ್ವಾರಸ್ಯದ್ದಾಗಿ ಕಾಣುವುದು ಛಂದಸ್ಸಿನದು. ಜರ್ಮನಿಯಿಂದ ಬಂದ ಕೀರ್ತನೆಗಳ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸುವ ಪ್ರಯತ್ನ ಮೊದಲಿನಿಂದಲೂ ನಡೆದಿತ್ತು. ಜರ್ಮನ್ ಪದ್ಯದ ಲಯ ಒತ್ತಿನ ಮೇಲೆ ನಿಂತಿದೆ: ಒತ್ತಿಲ್ಲದ ಅಕ್ಷರ, ಒತ್ತುಳ್ಳ ಅಕ್ಷರ, ಹೀಗೆ ಸಾಲು ಮೇಲೇಳುತ್ತದೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ, ಸ್ವರದ ಹ್ರಸ್ವದೀರ್ಘದಿಂದ ಬದಲಾಗುತ್ತದೆ. ಧಾಟಿಯ ದೀರ್ಘಸ್ವರ ಹ್ರಸ್ವಾಕ್ಷರದ ಮೇಲೆ ಬಿದ್ದರೆ ‘ಬಳೆ’ ‘ಬಾಳೆ’ಯಾಗಿ ಕೇಳಿಸಬಹುದು. ರಾಗದಲ್ಲಿ ಹಾಡುವಾಗಲೂ ನಮ್ಮವರು ಸ್ವರ ಎಳೆಯುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಎಳೆಯುತ್ತಾರೆ, ಆದರೆ ಮಾತ್ರೆಗಳ ಗಣವನ್ನು ಕಿವಿ ಮೊದಲೇ ಹಿಡಿದಿಟ್ಟುಕೊಂಡಿರುತ್ತದೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡೆ, ವಾರ್ಧಕದ ಐದೈದರ ನಡೆ ಕೇಳುಗನೊಳಗೆ ಮೊದಲೇ ತಾಳ ಹಾಕುತ್ತಿರುತ್ತವೆ. ಜರ್ಮನ್ ಧಾಟಿಗೆ ಅಂಥ ಒಳತಾಳ ಕನ್ನಡ ಕಿವಿಯಲ್ಲಿ ಇರಲಿಲ್ಲ.

1853ರಲ್ಲಿ ಬಂದ ಫರ್ಡಿನೆಂಡ್ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ (1862) ಕನ್ನಡದ ಛಂದಸ್ಸಿನಲ್ಲಿಯೇ ಬರೆದರು. ಇವರೇ ಮುಂದೆ ನಿಘಂಟುಕಾರರೆಂದು ಹೆಸರಾದ ಕಿಟೆಲ್. ಕಾವ್ಯವಾಗಿ ಅದರ ಯೋಗ್ಯತೆಯ ಬಗ್ಗೆ ವಿಮರ್ಶಕರಲ್ಲಿ ಭಿನ್ನಾಭಿಪ್ರಾಯವಿರಬಹುದು. ನಮ್ಮ ಆಸಕ್ತಿ ಅದರ ಮುಂದಿನ ಸರಣಿಯಲ್ಲಿದೆ. ಕೇಶಿರಾಜನ ಶಬ್ದಮಣಿದರ್ಪಣದ ಸಂಪಾದನೆ 1872ರಲ್ಲಿ, ನಾಗವರ್ಮನ ಛಂದೋಂಬುಧಿಯ ಸಂಪಾದನೆ 1875ರಲ್ಲಿ, ಸುಮಾರು 70,000 ಪದಗಳ ನಿಘಂಟು 1894ರಲ್ಲಿ. ಕ್ರಿಸ್ತನನ್ನು ಕನ್ನಡದಲ್ಲಿ ಹಾಡಿಸಲು ಛಂದಸ್ಸು ಬೇಕು. ಛಂದಸ್ಸು ತಿಳಿಯಲು ನಾಗವರ್ಮ ಬೇಕು. ನಾಗವರ್ಮನನ್ನು ಓದಲು ಹಳಗನ್ನಡದ ವ್ಯಾಕರಣ ಬೇಕು. ವ್ಯಾಕರಣದ ಉದಾಹರಣೆಗಳನ್ನು ಬಿಡಿಸಲು ನಿಘಂಟು ಬೇಕು. ಒಂದು ಹಾಡಿನ ಅಗತ್ಯ ಒಬ್ಬ ಪ್ರಚಾರಕನನ್ನು ನಾಲ್ಕು ದಶಕಗಳ ವಿದ್ಯಾರ್ಥಿಯನ್ನಾಗಿ ಮಾಡಿತು ಎಂದರೆ ಅತಿಶಯವಾದೀತು, ಆದರೆ ತೀರ ಅತಿಶಯವಲ್ಲ.

ಬಾಸೆಲ್ ಮಿಶನ್ ಮುದ್ರಣಾಲಯ ಈ ವೇಳೆಗೆ ತನ್ನ ಪಂಥದ ಗಡಿಯನ್ನೂ ಮೀರಿತ್ತು. ಜೆಸ್ವಿಟ್ ಪಾದ್ರಿ ಆಂಜೆಲೊ ಮಾಫೆಯ ಕೊಂಕಣಿ ವ್ಯಾಕರಣವೂ (1882) ಕೊಂಕಣಿ ನಿಘಂಟೂ (1883) ಈ ಪ್ರೊಟೆಸ್ಟೆಂಟ್ ಮುದ್ರಣಾಲಯದಲ್ಲಿಯೇ ಅಚ್ಚಾದವು. ಯುರೋಪಿನಲ್ಲಿ ಪರಸ್ಪರ ಮುಖ ನೋಡದ ಎರಡು ಪಂಥಗಳು ಮಂಗಳೂರಿನಲ್ಲಿ ಒಂದೇ ಅಚ್ಚಿನ ಮನೆಯಲ್ಲಿ ಭೇಟಿಯಾದವು, ಅದೂ ವ್ಯಾಕರಣದ ನೆಪದಲ್ಲಿ.

ಈಗ ಮುಂದೂಡಿದ ಪ್ರಶ್ನೆ. ಮೋಗ್ಲಿಂಗರಿಗೆ, ವೈಗ್ಲೆಗೆ, ಗ್ರೈನರರಿಗೆ, ಕಿಟೆಲರಿಗೆ ಭಾಷೆಯನ್ನು ಕಲಿಸಿದವರು ಮುನ್ಷಿಗಳು, ಪಂಡಿತರು, ಬೀದಿಯಲ್ಲಿ ಗಾದೆ ಹೇಳಿದ ಮುದುಕಿಯರು, ಪದ ಹಾಡಿದ ದಾಸರು. ಮೋಗ್ಲಿಂಗರು ಪ್ರಕಟಿಸಿದ ಗಾದೆಗಳ ಸಂಗ್ರಹದಲ್ಲಿ ಒಂದೊಂದು ಗಾದೆಯ ಹಿಂದೆಯೂ ಅದನ್ನು ಆಡಿದ ಬಾಯಿ ಇದೆ. ತುಳು ಮತ್ತಾಯನಲ್ಲಿ ಪ್ರತ್ಯಯ ತಪ್ಪಿದಾಗ ‘ಹಾಗಲ್ಲ, ಹೀಗೆ’ ಎಂದು ತಿದ್ದಿದವರು ಇರಲೇಬೇಕು. ಹೊಸದಾಗಿ ಕಲಿತವನೊಬ್ಬ ತಾನಾಗಿ ಆ ನುಡಿಯ ಕ್ರಿಯಾರೂಪಗಳ ಜಾಲವನ್ನು ಸರಿಯಾಗಿ ಹಿಡಿಯಲಾರನೆಂಬುದು ತುಳು ವ್ಯಾಕರಣವನ್ನು ಮುಟ್ಟಿದವರಿಗೆಲ್ಲ ಗೊತ್ತು. ನಮ್ಮ ಪತ್ರಿಕೋದ್ಯಮದ ಚರಿತ್ರೆಗಳು ಸಂಪಾದಕನಿಂದ ಆರಂಭವಾಗಿ ಸಂಪಾದಕನಲ್ಲೇ ನಿಲ್ಲುತ್ತವೆ. ಭಾಷೆಯ ಚರಿತ್ರೆಗೆ ಆ ಸೌಕರ್ಯವಿಲ್ಲ, ಏಕೆಂದರೆ ಅದರ ಆಧಾರ ಪಠ್ಯದೊಳಗಿನ ನುಡಿ, ಮುಖಪುಟದ ಹೆಸರಲ್ಲ.

ಇದಕ್ಕೊಂದು ವಿಧಾನ ಸಾಧ್ಯವಿದೆ. ಬಾಸೆಲ್ ಮಿಶನ್ನಿನ ಹಳೆಯ ಮುದ್ರಿತ ಸಾಮಗ್ರಿ ಬಾಸೆಲಿನ ದಾಖಲಾಗಾರದಲ್ಲಿಯೂ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿಯೂ ಇದೆ. ಕಲ್ಲಚ್ಚಿನ ಕಾಲದ ಪುಟಗಳನ್ನು ಲಿಪಿಯ ದೃಷ್ಟಿಯಿಂದ ಓದಿದರೆ ‘ವೂರು’ ಬರೆದ ಕೈ ಯಾವುದು, ‘ಊರು’ ಬರೆದ ಕೈ ಯಾವುದು, ಮಹಾಪ್ರಾಣಗಳನ್ನು ಉಳಿಸಿಕೊಂಡವನು ಯಾರು, ಬಿಟ್ಟವನು ಯಾರು ಎಂದು ವಿಂಗಡಿಸಬಹುದು. ತುಳು ಪಠ್ಯದಲ್ಲಿ ಪದಾಂತ್ಯದ ಸಂವೃತ ಸ್ವರವನ್ನು ತೋರಿಸಲು ಲಿಪಿಕಾರ ಏನು ಉಪಾಯ ಮಾಡಿದ, ಅದೇ ಲಿಪಿಕಾರ ಕನ್ನಡ ಬರೆಯುವಾಗ ಆ ಉಪಾಯ ಎಲ್ಲಾದರೂ ಕೈತಪ್ಪಿ ನುಸುಳಿದೆಯೇ ಎಂಬುದನ್ನು ನೋಡಿದರೆ ಬರೆದವನ ಮನೆಮಾತಿನ ಸುಳಿವೂ ಸಿಕ್ಕೀತು. ತಾಳೆಗರಿಯ ಪ್ರತಿಕಾರರನ್ನು ಗುರುತಿಸಲು ಗ್ರಂಥಸಂಪಾದಕರು ಬಹುಕಾಲದಿಂದ ಬಳಸುತ್ತಿರುವ ಕ್ರಮವೇ ಇದು. ಅಚ್ಚಾದ ಪತ್ರಿಕೆಗೆ ಅದನ್ನು ಅನ್ವಯಿಸುವ ಅಗತ್ಯ ಬೀಳುವುದು ಕಲ್ಲಚ್ಚಿನ ವಿಷಯದಲ್ಲಿ ಮಾತ್ರ. ‘ಮಂಗಳೂರ ಸಮಾಚಾರ’ದ ಏಳೆಂಟು ತಿಂಗಳ ಸಂಚಿಕೆಗಳು ಇಂಥ ಓದಿಗೆ ತಕ್ಕ ಗಾತ್ರದವು. ಪುಟ ನಾಲ್ಕೇ, ಮತ್ತು ಪ್ರತಿ ಪುಟವನ್ನೂ ಯಾರೋ ಒಬ್ಬರು ಕೂತು ಬರೆದಿದ್ದಾರೆ.